ಬಟ್ಟಲು ಎಸೆದ ಮರುದಿನ

ಮೊನ್ನೆ ಪುಣೆಯ ಧನಕವಡಿಯ ಮನೆಗೆ ಹೋದಾಗ ಅಪ್ಪನ ಬಾಯಿಂದ ಏಲಕ್ಕಿಯ ವಾಸನೆ ಬಂತು. ಬಾಗಿಲು ತೆಗೆದು "ಬಾ" ಅಂದ, ಅಷ್ಟೇ. ನಾನಿನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಕಣ್ಣು ತಾನಾಗಿಯೇ ಅವನ ಕೈಗೆ ಹೋಯಿತು, ಆಮೇಲೆ ಕಾಲಿಗೆ, ಆಮೇಲೆ ಗೂಟಕ್ಕೆ ತೂಗಿದ್ದ ಅಂಗಿಯ ಜೇಬಿಗೆ. ಅಪ್ಪ ದಾರು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಆದರೆ ಏಲಕ್ಕಿಗೆ ಅದು ಗೊತ್ತಿಲ್ಲ.

ಕುಡಿಯುತ್ತಿದ್ದ ಕಾಲದಲ್ಲಿ ಅವನು ಚಾಕಣದ ಕಾರ್ಖಾನೆಯಿಂದ ಕಂಪನಿ ಬಸ್ಸಿನಲ್ಲಿ ಬಂದಿಳಿದು, ಮೂಲೆಯ ದಾರು ಅಂಗಡಿಗೆ ಹೊಕ್ಕು ಹೊರಬಿದ್ದು, ಎರಡು ಏಲಕ್ಕಿ ಬಾಯಿಗೆ ಹಾಕಿಕೊಂಡು ಮೆಟ್ಟಿಲು ಹತ್ತುತ್ತಿದ್ದ. ಅವನಿಗಿಂತ ಮುಂಚೆ ಏಲಕ್ಕಿ ಮನೆಗೆ ಬರುತ್ತಿತ್ತು. ಅವ್ವ ಒಲೆಯ ಮುಂದೆ ಕೂತಲ್ಲೇ ಮೂಗು ಎತ್ತುತ್ತಿದ್ದಳು. ನಾನು ರೇಡಿಯೋ ಸಣ್ಣ ಮಾಡುತ್ತಿದ್ದೆ. ಈಗಲೂ ಯಾರ ಮನೆಯಲ್ಲಾದರೂ ಪಾಯಸ ಕೊಟ್ಟರೆ ಬಟ್ಟಲನ್ನು ಒಂದಿಷ್ಟು ದೂರ ಸರಿಸಿ ಆಮೇಲೆ ತಿನ್ನುತ್ತೇನೆ.

ಹೇಳಬೇಕಾದದ್ದು ಒಂದು ಆಷಾಢದ ಸುದ್ದಿ. ಎರಡು ಸಾವಿರದ ಇಸವಿ ದಾಟಿ ಕೆಲವೇ ವರ್ಷವಾಗಿತ್ತು, ನಾನು ಕಾಲೇಜಿನ ಹುಡುಗಿ. ಈ ನೆನಪಿನ ತುಂಡುಗಳು ಒಂದಕ್ಕೊಂದು ತುಂಬ ಚೆನ್ನಾಗಿ ಕೂಡಿಕೊಳ್ಳುತ್ತವೆ. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ ಕಡಿಮೆ. ನನ್ನ ತಲೆಯೊಳಗೆ ಆ ದಿನಗಳ ತುಂಬ ಮಳೆ ಸುರಿಯುತ್ತದೆ. ಅವ್ವನನ್ನು ಕೇಳಿದರೆ, "ಎಲ್ಲಿ ಮಳಿ? ಆ ವರ್ಷ ನೀರಿನ ಟ್ಯಾಂಕರ್ ಮುಂದ ಕೊಡ ಹಿಡಕೊಂಡು ನಿಂತಿದ್ದಿ ನೀ," ಅನ್ನುತ್ತಾಳೆ. ಅಂದರೆ ಮಳೆ ನಾನು ಆಮೇಲೆ ಸುರಿಸಿಕೊಂಡದ್ದು. ಆದ್ದರಿಂದ ಇಲ್ಲಿ ಮಳೆಯನ್ನು ತೆಗೆದಿದ್ದೇನೆ. ಇನ್ನೇನು ತೆಗೆಯಬೇಕೋ ಗೊತ್ತಿಲ್ಲ.

ಆ ವರ್ಷ ನಾನು ಕಥೆ ಬರೆಯುತ್ತಿದ್ದೆ. ನನ್ನದಲ್ಲ, ಬೇರೆಯವರ ಕಥೆಗೆ ಸೇರಿಸಿದ ಕಥೆ. ಮಾಟಗಾರರು, ರೆಕ್ಕೆಯ ಹಾವುಗಳು, ಮಂಜಿನಲ್ಲಿ ಮುಳುಗಿದ ಒಂದು ಕೋಟೆ ಇರುವ ದಪ್ಪ ಇಂಗ್ಲಿಷ್ ಪುಸ್ತಕಮಾಲೆಯೊಂದಿತ್ತು, ಅದರ ಹೆಸರು ಬೇಡ. ಹಳೆ ಪುಸ್ತಕದ ಗಾಡಿಯಲ್ಲಿ ಮೂರನೇ ಸಂಪುಟ ಮೊದಲು ಸಿಕ್ಕಿ, ಹಿಂದುಮುಂದಾಗಿ ಓದಿ, ಹುಚ್ಚು ಹಿಡಿಸಿಕೊಂಡಿದ್ದೆ. ನನ್ನಂಥ ಹುಚ್ಚರು ಲೋಕದ ತುಂಬ ಇದ್ದರು. ಅವರೆಲ್ಲ ಒಂದು ವೆಬ್‌ಸೈಟಿನಲ್ಲಿ ಸೇರಿ, ಅದೇ ಕೋಟೆ, ಅದೇ ಪಾತ್ರಗಳನ್ನು ಇಟ್ಟುಕೊಂಡು ಪುಸ್ತಕದಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದರು. ಫ್ಯಾನ್ ಫಿಕ್ಷನ್ ಅಂತ ಅದಕ್ಕೆ ಹೆಸರು. ನಮ್ಮ ಓಣಿಯ ಸೈಬರ್ ಕೆಫೆಯಲ್ಲಿ, ಪ್ಲೈವುಡ್ಡಿನ ಗೂಡಿನಲ್ಲಿ ಕೂತು, ನನ್ನ ಕಾಲೇಜಿನ ಇಂಗ್ಲಿಷಿನಲ್ಲಿ ನಾನೂ ಬರೆಯುತ್ತಿದ್ದೆ. ಕಥೆಯ ಕೆಳಗೆ ಓದುಗರು ಎರಡು ಸಾಲು ಬರೆಯುವ ಪದ್ಧತಿ ಇತ್ತು. ಹೆಚ್ಚಿನವರು ಬರೆಯುತ್ತಿದ್ದದ್ದು ಒಂದೇ ಮಾತು: ಮುಂದೆ ಹೇಳು.

ಆ ಕಥೆಗಳಲ್ಲೆಲ್ಲ ಕುಡಿತ ಇರುತ್ತಿತ್ತು. ಯಾರೇ ಬರೆಯಲಿ, ಎರಡನೇ ಪುಟಕ್ಕೆ ಒಂದು ಹೆಂಡದಂಗಡಿ ಬರುತ್ತಿತ್ತು: ಮರದ ಮೇಜು, ಬೆಂಕಿ, ನೊರೆ ಉಕ್ಕುವ ಬಟ್ಟಲು. ದ್ವೇಷಿಗಳು ಕುಡಿದು ಗೆಳೆಯರಾಗುತ್ತಿದ್ದರು. ಮೂರು ಸಂಪುಟದ ಉದ್ದಕ್ಕೂ ಪ್ರೀತಿಯ ಮಾತಿಗೆ ಬಾಯಿಬಿಡದ ಸೇನಾಪತಿ ಎರಡು ಬಟ್ಟಲಿಗೆ ಬಾಯಿಬಿಡುತ್ತಿದ್ದ. ಕಾಡಿನ ಅಮರ ಜನರ ದ್ರಾಕ್ಷಾರಸಕ್ಕೆ ಮರುದಿನದ ತಲೆನೋವು ಇರಲಿಲ್ಲ. ಆ ಕಥೆಗಳಲ್ಲಿ ಕುಡಿದವನು ನಿಜ ಹೇಳುತ್ತಾನೆ. ನಮ್ಮ ಮನೆಯಲ್ಲಿ ಕುಡಿದವನು "ಕುಡಿದಿಲ್ಲ" ಅನ್ನುತ್ತಿದ್ದ. ಆ ಬರಹಗಾರರಿಗೆ ಕುಡಿತ ಒಂದು ಬಾಗಿಲು, ಅದನ್ನು ತೆರೆದರೆ ಕಥೆ ಮುಂದಕ್ಕೆ ಹೋಗುತ್ತದೆ. ಮೆಟ್ಟಿಲ ಮೇಲಿನ ಹೆಜ್ಜೆಗೆ ಕಿವಿಗೊಟ್ಟು ಕೂತ ಹೆಂಡತಿ ಅವರ ಒಂದು ಕಥೆಯಲ್ಲೂ ಇರಲಿಲ್ಲ.

ನಾನು ಅವಳನ್ನು ತಂದೆ. ಕೋಟೆಯ ಬಾಗಿಲು ಕಾಯುವ ಒಬ್ಬ ಮುದಿ ಭಟನಿದ್ದ, ಬ್ರೆನಾಕ್ ಅಂತ. ಮೂಲ ಪುಸ್ತಕದಲ್ಲಿ ಅವನದು ಎರಡೇ ಸಾಲು: ಕುಡಿದು ಮಲಗಿದ್ದ, ಶತ್ರು ಒಳಗೆ ಬಂದ. ನಾವು ಕೆಲವರು ಸರದಿಯ ಮೇಲೆ ಅವನ ಕಥೆ ಬೆಳೆಸುತ್ತಿದ್ದೆವು. ಒಬ್ಬರು ಒಂದು ಅಧ್ಯಾಯ ಬರೆದರೆ ಮುಂದಿನದು ಇನ್ನೊಬ್ಬರು. ಒಂದೇ ನಿಯಮ: ಮೊದಲಿನವರು ಬರೆದದ್ದನ್ನು ಅಳಿಸುವಂತಿಲ್ಲ. ನನ್ನ ಸರದಿ ಬಂದಾಗಲೆಲ್ಲ ಬ್ರೆನಾಕ್ ಬಾಯಿಯ ವಾಸನೆ ಮುಚ್ಚಲು ಪುದೀನ ಜಗಿಯುತ್ತಿದ್ದ, ಕೀಲಿ ಇಟ್ಟದ್ದು ಮರೆತು ಹೆಂಡತಿಯನ್ನು ಬೈಯುತ್ತಿದ್ದ, ಮಗಳ ತಲೆ ಸವರಲು ಹೋಗಿ ಕೈ ತಪ್ಪಿ ಕಿವಿ ಸವರುತ್ತಿದ್ದ. ಓದುಗರು ಕುಣಿದಾಡಿದರು. ಎಷ್ಟು ನಿಜ, ನಿನಗೆ ಇದೆಲ್ಲ ಎಲ್ಲಿ ಹೊಳೆಯುತ್ತದೆ, ಅಂತ.

ಸಂತರ ಪಾದುಕೆ ಹೊತ್ತ ಪಾಲಕಿ ಪುಣೆಗೆ ಬಂತು. ಪ್ರತಿ ವರ್ಷ ಆಷಾಢದ ಏಕಾದಶಿಗೆಂದು ವಿಠ್ಠಲನ ಭಕ್ತರು ನಡೆದುಕೊಂಡು ಪಂಢರಪುರಕ್ಕೆ ಹೋಗುವಾಗ ನಮ್ಮ ಊರಿನಲ್ಲಿ ಇಳಿದುಕೊಂಡು, ಹಡಪಸರದ ಮೇಲೆ ಹಾದು ಹೋಗುತ್ತಾರೆ. ನಮ್ಮ ಎದುರು ಮನೆಯ ಶಿಂದೆ ಕಾಕು, ಮರಾಠಿಯ ಹೆಂಗಸು, ವರ್ಷವೂ ಅವರಿಗೆ ಜೋಳದ ಭಾಕರಿ ಬಡಿದು ಕಟ್ಟಿಕೊಂಡು ಹೋಗುತ್ತಿದ್ದಳು. ಆ ವರ್ಷ ಅಪ್ಪನನ್ನೂ ಎಳೆದುಕೊಂಡು ಹೋದಳು. ಹಿಂದಿರುಗುವಾಗ ಅಪ್ಪನ ಕೊರಳಲ್ಲಿ ತುಳಸಿಮಾಳ ಇತ್ತು.

ಮಾಳ ಹಾಕಿಕೊಳ್ಳುವುದು ಎಂದರೆ ಏನೆಂದು ನಮ್ಮ ಕಡೆ, ಪುಣೆಯಿಂದ ವಿಜಾಪುರದವರೆಗೆ, ಎಲ್ಲರಿಗೂ ಗೊತ್ತು. ಅವತ್ತಿನಿಂದ ದಾರು ಇಲ್ಲ, ಮಾಂಸ ಇಲ್ಲ. ಕಡಿಮೆ ಮಾಡುವುದಲ್ಲ, ನಾಳೆಯಿಂದ ಅಲ್ಲ, ಆ ಗಳಿಗೆಯಿಂದ. ಮುರಿದರೆ ಕೆಡುಕು ಮನೆ ಮಂದಿಗೆ ತಟ್ಟುತ್ತದೆ ಅನ್ನುತ್ತಾರೆ. ಹೆಂಡತಿಯರು ದೇವರಲ್ಲಿ ಬೇಡಿಕೊಳ್ಳುವುದು ಇದನ್ನೇ.

"ಏನ್ರಿ, ಖರೇನ?" ಅಂದಳು ಅವ್ವ. ಮಾಳ ಮುಟ್ಟಲು ಕೈ ಎತ್ತಿ, ಮುಟ್ಟದೆ ಇಳಿಸಿದಳು.

"ಸುಳ್ಳ ಮಾಳ ಯಾರರ ಹಾಕ್ಕೋತಾರನು?" ಅಂದ ಅಪ್ಪ. ಆಮೇಲೆ ನನ್ನ ಕಡೆ ತಿರುಗಿ, "ಸುನಿ, ಏಲಕ್ಕಿ ಡಬ್ಬಿ ಒಗೀ ಇನ್ನ," ಅಂದು ನಕ್ಕ.

ಅವ್ವ ಡಬ್ಬಿ ಒಗೆಯಲಿಲ್ಲ. ಅದೇ ಏಲಕ್ಕಿ ಹಾಕಿ ಹುಗ್ಗಿ ಮಾಡಿದಳು.

ಮರುದಿನ ನಾನು ಸೈಬರ್ ಕೆಫೆಗೆ ಓಡಿದೆ. ಸರದಿ ನನ್ನದೇ ಇತ್ತು. (ನಿಜಕ್ಕೂ ಇತ್ತೇ, ಅಥವಾ ಬೇರೆಯವರದನ್ನು ಬೇಡಿ ತೆಗೆದುಕೊಂಡೆನೇ? ಎಷ್ಟು ಸರಿಯಾಗಿ ಕೂಡಿಕೊಳ್ಳುತ್ತದೆ ನೋಡಿ.) ಬ್ರೆನಾಕ್ ಬಟ್ಟಲನ್ನು ಕೋಟೆಯ ಕಂದಕಕ್ಕೆ ಎಸೆದ. ಮರುದಿನ ಬೆಳಿಗ್ಗೆ ಭರ್ಜಿ ಹಿಡಿದು ಬಾಗಿಲಲ್ಲಿ ನಿಂತ, ಅವನ ಕೈ ಅಲುಗಲಿಲ್ಲ. ನಾನು ಬರೆದ ಅತ್ಯಂತ ಒಳ್ಳೆಯ ವಾಕ್ಯ ಅದು ಅಂತ ಅವತ್ತು ಅನ್ನಿಸಿತ್ತು.

ಮನೆಗೆ ಬಂದರೆ ಅಪ್ಪನ ಕೈ ಅಲುಗುತ್ತಿತ್ತು. ಬಸಿಯಲ್ಲಿ ಚಹ ನಿಲ್ಲುತ್ತಿರಲಿಲ್ಲ. ಬನಿಯನ್ ಬೆವರಿಗೆ ಒದ್ದೆಯಾಗಿತ್ತು. ಕೆಲಸಕ್ಕೆ ಹೋಗಿರಲಿಲ್ಲ. "ಥಂಡಿ ಜ್ವರ ಇರಬೇಕು," ಅಂದಳು ಅವ್ವ, ಕಷಾಯ ಕಾಸಿದಳು. ಅವನು ಕುಡಿದು ವಾಂತಿ ಮಾಡಿದ. ಕಿಟಕಿಯಾಚೆ ಸ್ಕೂಟರ್ ಸದ್ದಾದರೂ ಬೆಚ್ಚಿ ಬೀಳುತ್ತಿದ್ದ.

ಅದರ ಮರುದಿನ ಬೆಳಿಗ್ಗೆ ಅಪ್ಪ ಹಾಸಿಗೆಯ ಮೇಲೆ ಎದ್ದು ಕೂತು ಗೋಡೆ ನೋಡುತ್ತಿದ್ದ. ಬರೀ ಸುಣ್ಣದ ಗೋಡೆ.

"ಎಷ್ಟ ಮಂದಿ ಬರಾಕತ್ತಾರ ನೋಡು," ಅಂದ. "ತಾಳ ಕೇಳ್ತೈತಿ?"

"ಯಾರ್ರಿ? ಎಲ್ಲಿ?" ಅಂದಳು ಅವ್ವ.

"ಅಲ್ಲಿ. ಮುಂದ ಕರೀ ಹುಡುಗ ಅದಾನಲ್ಲ, ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಾನ. ಬರ್ರಿ, ಬರ್ರಿ, ಒಳಗ ಬರ್ರಿ."

ಸೊಂಟದ ಮೇಲೆ ಕೈ ಇಟ್ಟು ನಿಂತ ಕರಿಯ ಹುಡುಗ ಎಂದರೆ ಯಾರೆಂದು ಹೇಳಬೇಕಾಗಿಲ್ಲ. ಹಾಲಿನ ಪಾತ್ರೆ ಕೊಡಲು ಬಂದ ಶಿಂದೆ ಕಾಕುವಿಗೂ ಅಪ್ಪ ಅದನ್ನೇ ಮರಾಠಿಯಲ್ಲಿ ಹೇಳಿದ, ಅವಳು ಬಾಗಿಲಲ್ಲೇ ಪಾತ್ರೆ ಇಟ್ಟು ಕೈ ಮುಗಿದಳು. "ಮಾವುಲೀ!" ಅಂತ ಕೂಗಿದಳು. ಪಂಢರಪುರಕ್ಕೆ ನಡೆಯುವ ವಾರಕರಿಗಳು ದೇವರನ್ನೂ ಒಬ್ಬರನ್ನೊಬ್ಬರನ್ನೂ ಕರೆಯುವುದು ಹಾಗೆ, ತಾಯಿ ಅಂತ. ಮಾಳ ಹಾಕಿಕೊಂಡ ಎರಡೇ ದಿನಕ್ಕೆ ವಿಠ್ಠಲ ಸಾಕ್ಷಾತ್ ಬಂದಿದ್ದಾನೆ, ಜನ್ಮವಿಡೀ ನಡೆದವರಿಗೂ ಸಿಗದ್ದು ಈ ಕುಡುಕನಿಗೆ ಸಿಕ್ಕಿದೆ. ಕುಡುಕನಾಗಿದ್ದನಲ್ಲ, ಅದಕ್ಕೇ ಸಿಕ್ಕಿದೆ! ಮಧ್ಯಾಹ್ನದೊಳಗೆ ಇಡೀ ಕಟ್ಟಡ ನಮ್ಮ ಮನೆಯಲ್ಲಿತ್ತು. ಅಪ್ಪನ ಹಣೆಗೆ ವಿಠ್ಠಲನ ಕರಿಯ ಪುಡಿ, ಬುಕ್ಕಾ, ಹಚ್ಚಿದರು. ಊದಿನಕಡ್ಡಿ ಹೊತ್ತಿಸಿದರು. ಯಾರೋ ತಾಳ ತಂದರು. ಅವನ ನಡುಗುವ ಕಾಲಿಗೆ ಹೆಂಗಸರು ಹಣೆ ಮುಟ್ಟಿಸಿದರು. ನಡುಕವೂ ದೇವರದೇ ಆಗಿತ್ತು.

ಅವ್ವನನ್ನು ನೋಡಿದೆ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಅಪ್ಪನ ಪಕ್ಕದಲ್ಲಿ ನಿಂತಿದ್ದಳು. ಎಷ್ಟೋ ವರ್ಷ ನಲ್ಲಿಯ ಮುಂದೆ ಅವಳಿಗೆ ಬೆನ್ನು ತಿರುಗಿಸುತ್ತಿದ್ದ ಹೆಂಗಸರು ಇವತ್ತು ಅವಳ ಕಾಲಿಗೂ ಬಗ್ಗುತ್ತಿದ್ದರು. ಅವಳ ಮುಖದಲ್ಲಿ ಅಂಜಿಕೆ ಇತ್ತು. ಆದರೆ ಬೆನ್ನು ನೆಟ್ಟಗಿತ್ತು. ಅಷ್ಟು ನೆಟ್ಟಗೆ ಅವಳು ನಿಂತದ್ದನ್ನು ನಾನು ನೋಡಿರಲಿಲ್ಲ.

"ಸುನಿ, ಕರ್ಪೂರ ತಗೊಂಡು ಬಾ," ಅಂದಳು.

ಕರ್ಪೂರದ ಅಂಗಡಿಯ ಪಕ್ಕದಲ್ಲೇ ಸೈಬರ್ ಕೆಫೆ. ಒಂದು ಗಳಿಗೆ ಒಳಗೆ ಹೋದೆ. ಹೊಗಳಿಕೆ ಬೇಕಾಗಿತ್ತು, ಮನೆಯಿಂದ ಸ್ವಲ್ಪ ಹೊತ್ತು ತಪ್ಪಿಸಿಕೊಳ್ಳುವುದೂ ಬೇಕಾಗಿತ್ತು. ಅಧ್ಯಾಯದ ಕೆಳಗೆ ಮಾಮೂಲು ಮಾತುಗಳು, ಮುಂದೆ ಹೇಳು, ಮುಂದೆ ಹೇಳು. ಅವುಗಳ ನಡುವೆ ಬೂದಿಬೆಕ್ಕು ಎಂಬ ಅಡ್ಡಹೆಸರಿನವಳ ಉದ್ದನೆಯ ಟಿಪ್ಪಣಿ. ಯಾವ ದೇಶದವಳೋ ಗೊತ್ತಿಲ್ಲ, ಆಸ್ಪತ್ರೆಯಲ್ಲಿ ನರ್ಸು ಅಂತ ಹಿಂದೊಮ್ಮೆ ಬರೆದುಕೊಂಡಿದ್ದಳು. ಅವಳು ಬರೆದದ್ದರ ಸಾರ ಇಷ್ಟು: ಚೆನ್ನಾಗಿದೆ, ಆದರೆ ಹೀಗಾಗುವುದಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಗೇ ಬಿಟ್ಟರೆ ಮರುದಿನ ಅವನ ಕೈ ಭರ್ಜಿ ಹಿಡಿಯುವುದಿಲ್ಲ. ನಡುಗುತ್ತಾನೆ, ಬೆವರುತ್ತಾನೆ. ಎರಡು ಮೂರು ದಿನಕ್ಕೆ ಇಲ್ಲದ ಹುಳು ಕಾಣುತ್ತವೆ, ಇಲ್ಲದ ಜನ ಕಾಣುತ್ತಾರೆ, ಇಲ್ಲದ ಸಂಗೀತ ಕೇಳುತ್ತದೆ. ಫಿಟ್ಸ್ ಬರುತ್ತದೆ. ಸಾಯಲೂಬಹುದು. ನಿನ್ನ ಬ್ರೆನಾಕನನ್ನು ಬಾಗಿಲಲ್ಲಿ ನಿಲ್ಲಿಸಬೇಡ, ಮೊದಲು ವೈದ್ಯನ ಹತ್ತಿರ ಕಳಿಸು.

ಕರ್ಪೂರ ತಂದೆನೋ ಇಲ್ಲವೋ ನೆನಪಿಲ್ಲ.

ಅವ್ವನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ. ಹೊರಗೆ ಭಜನೆ ಶುರುವಾಗಿತ್ತು.

"ಅವ್ವಾ, ದವಾಖಾನಿಗೆ ಒಯ್ಯೂಣು. ಇದು ದೇವರಲ್ಲ. ದಾರು ಒಮ್ಮಿಗೇ ಬಿಟ್ರ ಹಿಂಗಾಗತೈತಿ. ಸಾಯ್ತಾರ."

"ಬಾಯಿ ಮುಚ್ಚ. ಯಾರ್ ಹೇಳಿದ್ರು ನಿನಗ?"

ಯಾರು ಹೇಳಿದರು? ಇಲ್ಲದ ಕೋಟೆಯ ಇಲ್ಲದ ಭಟನ ವಿಷಯವಾಗಿ, ಹೆಸರಿಲ್ಲದ ಒಂದು ಬೆಕ್ಕು. "ಒಂದ ಕಥ್ಯಾಗ ಓದೀನಿ," ಅಂದೆ.

"ಕಥ್ಯಾಗ!" ಅವ್ವ ಹಣೆ ಚಚ್ಚಿಕೊಂಡಳು. "ಕುಡಿದು ಬಿದ್ದಾಗ ಒಬ್ಬರೂ ದವಾಖಾನಿ ಅನ್ನಲಿಲ್ಲ. ಈಗ ದೇವರ ಮುಖ ನೋಡಾಕತ್ತಾನ, ಈಗ ದವಾಖಾನಿ! ಹೊರಗ ಮಂದಿ ಕುಂತಾರ. ಏನಂತ ಹೇಳ್ಲಿ ಅವರಿಗೆ? ಇದು ವಿಠ್ಠಲ ಅಲ್ಲ, ದಾರೂನ ಅಂತ ಹೇಳ್ಲೇನು?"

ಅಷ್ಟರಲ್ಲಿ ಹೊರಗಿನಿಂದ ಅಪ್ಪನ ದನಿ ಕೇಳಿತು, ಭಜನೆಗಿಂತ ಜೋರಾಗಿ. ನಾವು ಹೊರಬಂದಾಗ ಅವನು ತೋಳಿನ ಮೇಲಿಂದ ಏನನ್ನೋ ಹೆಕ್ಕಿ ಹೆಕ್ಕಿ ಒಗೆಯುತ್ತಿದ್ದ. "ಇರಿವಿ, ಇರಿವಿ, ತಗೀರಿ," ಅನ್ನುತ್ತಿದ್ದ. ಒಂದೂ ಇರುವೆ ಇರಲಿಲ್ಲ. ಶಿಂದೆ ಕಾಕು ಅದಕ್ಕೂ ಕೈ ಮುಗಿದಳು. ಅವ್ವ ಮಾತ್ರ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಗದ್ದ ಹಿಡಿದು, ಮುಖವನ್ನು ಬೆಳಕಿಗೆ ತಿರುಗಿಸಿದಳು. ಬಹಳ ಹೊತ್ತು ನೋಡಿದಳು.

ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಕನ್ನಡದಲ್ಲಿ, ಮೆಲ್ಲಗೆ ಅಂದಳು: "ದೇವರ ಬಂದಿದ್ರ ಕಣ್ಣು ಅಂಜತಿದ್ದಿಲ್ಲ. ರಿಕ್ಷಾ ತಗೊಂಡು ಬಾ."

ಇಲ್ಲಿ ಒಂದು ತಕರಾರು ಇದೆ. ಅವ್ವನ ನೆನಪಿನಲ್ಲಿ ಬಚ್ಚಲಿನ ಮಾತುಕತೆಯೇ ಇಲ್ಲ. "ನೀ ಎಲ್ಲಿ ಏನ್ ಹೇಳಿದ್ದಿ? ಕರ್ಪೂರಕ್ಕ ಅಂತ ಹೋದಾಕಿ ಬರಲೇ ಇಲ್ಲ. ನಾನೇ ಕಣ್ಣು ನೋಡಿ ಗುರ್ತಾ ಹಿಡಿದೆ," ಅನ್ನುತ್ತಾಳೆ. ಬೂದಿಬೆಕ್ಕಿನ ಟಿಪ್ಪಣಿಯನ್ನು ನಾನು ಆಸ್ಪತ್ರೆಯಿಂದ ಬಂದಮೇಲೆ ಓದಿರಬಹುದೇ? ಓದಿ, ನಮ್ಮನ್ನು ಉಳಿಸುವ ಜಾಗಕ್ಕೆ ತಂದು ಇಟ್ಟಿರಬಹುದೇ? ಆ ವೆಬ್‌ಸೈಟು ಈಗ ಇಲ್ಲ. ಸಾಕ್ಷಿ ಇಲ್ಲ. ಎರಡನ್ನೂ ಇಟ್ಟುಕೊಂಡಿದ್ದೇನೆ.

ರಿಕ್ಷಾ ಬಂದದ್ದು ಮಾತ್ರ ಇಬ್ಬರ ನೆನಪಿನಲ್ಲೂ ಇದೆ. ಮನೆ ತುಂಬ ಜನ. ಅವ್ವ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ತನ್ನ ಮುರುಕು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದಳು: ಇವರನ್ನು ವಿಠ್ಠಲ ಕರೆಯುತ್ತಿದ್ದಾನೆ, ಪಾಲಕಿ ಇನ್ನೂ ದೂರ ಹೋಗಿಲ್ಲ, ಹಡಪಸರ ದಾಟಿ ಹಿಡಿಯುತ್ತೇವೆ, ಪಂಢರಪುರಕ್ಕೆ ಹೊರಟೆವು. ಅವಳ ಬಾಯಿಂದ ನಾನು ಕೇಳಿದ ಮೊದಲ ಸುಳ್ಳು. ಒಂದು ಪದವೂ ತಡವರಿಸಲಿಲ್ಲ.

"ಏಳ್ರಿ," ಅಂದಳು ಅಪ್ಪನಿಗೆ. "ಮಂದಿ ಮುಂದ ಹೋದ್ರು."

"ಹೋದ್ರನು?" ಅಪ್ಪ ಗಾಬರಿಯಾಗಿ ಎದ್ದ. "ನನ್ನ ಬಿಟ್ಟು?"

ಮೆಟ್ಟಿಲುದ್ದಕ್ಕೂ ವಿಠ್ಠಲ ವಿಠ್ಠಲ ಅಂದರು. ರಿಕ್ಷಾದ ಮೇಲೆ ಹೂ ಬಿತ್ತು. ಶಿಂದೆ ಕಾಕು ದಾರಿಗೆಂದು ಭಾಕರಿಯ ಗಂಟು ನನ್ನ ತೊಡೆಯ ಮೇಲಿಟ್ಟಳು. ಓಣಿ ತಿರುಗುವವರೆಗೆ ಅವ್ವ ಕೈ ಮುಗಿದುಕೊಂಡೇ ಇದ್ದಳು. ತಿರುಗಿದ ಕೂಡಲೇ ಡ್ರೈವರನ ಭುಜ ಹಿಡಿದು ಅಲುಗಿಸಿ, "ದವಾಖಾನಾ! ಜಲ್ದಿ!" ಅಂದಳು.

ದಾರಿಯುದ್ದಕ್ಕೂ ಅಪ್ಪ ಹೊರಗೆ ಬಗ್ಗಿ ಜನರನ್ನು ಹುಡುಕುತ್ತಿದ್ದ. "ಎಲ್ಲಿ ಅದಾರ? ತಾಳ ನಿಂತ್ತು. ಸುನಿ, ತಾಳ ನಿಂತ್ತಲ್ಲ?" ನಾನು ಏನು ಮಾಡಿದೆ ಗೊತ್ತೆ? ಚಪ್ಪಾಳೆ ತಟ್ಟಿದೆ. ತಾಳದ ಹಾಗೆ, ಒಂದೇ ಲಯದಲ್ಲಿ, ರಿಕ್ಷಾದೊಳಗೆ. ಅವನು ಹಿಂದಕ್ಕೆ ಒರಗಿದ. ಅವ್ವನೂ ತಟ್ಟಿದಳು. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ನಮ್ಮನ್ನು ನೋಡಿ ನಕ್ಕರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅವನಿಗೆ ಫಿಟ್ಸ್ ಬಂತು. ಒಳಗೆ ಎಳೆದುಕೊಂಡರು, ಸೂಜಿ ಕೊಟ್ಟರು, ಕೈಗಳನ್ನು ಬ್ಯಾಂಡೇಜಿನಿಂದ ಮಂಚಕ್ಕೆ ಕಟ್ಟಿದರು. ಡಾಕ್ಟರು ಹುಡುಗಿ, ನನಗಿಂತ ಹೆಚ್ಚು ದೊಡ್ಡವಳಲ್ಲ. ಕೊರಳಿನ ಮಾಳವನ್ನೂ ಹಣೆಯ ಬುಕ್ಕಾವನ್ನೂ ನೋಡಿ, "ಕಧೀ ಸೋಡಲೀ?" ಅಂತ ಕೇಳಿದಳು, ಯಾವಾಗ ಬಿಟ್ಟರು ಅಂತ. ಏನು ಬಿಟ್ಟರು ಎಂದು ಹೇಳಬೇಕಾಗಲೇ ಇಲ್ಲ. ಪ್ರತಿ ಆಷಾಢದಲ್ಲೂ ಹೀಗೆ ಮಾಳ ಹಾಕಿಕೊಂಡವರು ಬರುತ್ತಾರಂತೆ. ಕೆಲವರು ತಡವಾಗಿ ಬರುತ್ತಾರಂತೆ.

ಅಪ್ಪ ಉಳಿದ. ಆದರೆ ನಾನು ಅಂಜಿದ್ದು ಅಲ್ಲಿಗೆ ಮುಗಿಯಲಿಲ್ಲ, ಅಲ್ಲಿಂದಲೇ ಶುರುವಾಯಿತು. ಕಣ್ಣು ಬಿಟ್ಟವನು ಮೊದಲು ಕೊರಳು ಮುಟ್ಟಿಕೊಂಡ, ಮಾಳ ಇತ್ತು. ಆಮೇಲೆ ಕೇಳಿದ: "ಅಂವ ಬಂದಿದ್ದನಲ್ಲ? ನೀವೂ ನೋಡಿದಿರಲ್ಲ?"

ನಾನು ಬಾಯಿ ತೆರೆದೆ. ಅವ್ವ ಮಂಚದ ಆಚೆಯಿಂದ ನನ್ನ ಕೈ ಹಿಂಡಿದಳು, ಬಳೆ ಒಡೆಯುವಷ್ಟು. "ಬಂದಿದ್ದ," ಅಂದಳು. "ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ದ."

ಕಾರಿಡಾರಿನಲ್ಲಿ ನನಗೆ ಹೇಳಿದಳು: "ಅದು ದಾರೂನ ಆಟ ಅಂತ ಗೊತ್ತಾತಂದ್ರ ಮತ್ತ ಅದರ ಕಡೇನ ಹೋಗ್ತಾನ. ವಿಠ್ಠಲನ ನೋಡೀನಿ ಅಂತ ಇರಲಿ. ತಿಳೀತಿಲ್ಲೋ?"

ತಿಳಿಯಿತು. ನಾನು ಅಂಥ ಕೆಲಸದಲ್ಲಿ ಪಳಗಿದ್ದೆ. ಮೊದಲಿನವರು ಬರೆದದ್ದನ್ನು ಅಳಿಸುವಂತಿಲ್ಲ.

ಬ್ರೆನಾಕನ ಕಥೆ ಮಾತ್ರ ಮತ್ತೆ ಬರೆಯಲಿಲ್ಲ. ಅವನು ಭರ್ಜಿ ಹಿಡಿದು ಅಲುಗದ ಕೈಯಲ್ಲಿ ಎಲ್ಲೋ ನಿಂತೇ ಇದ್ದಾನೆ.

ಅಪ್ಪ ಮತ್ತೆ ಕುಡಿಯಲಿಲ್ಲ. ಚಾಕಣದಿಂದ ನಿವೃತ್ತನಾದ. ಶಿಂದೆ ಕಾಕು ತೀರಿಕೊಳ್ಳುವವರೆಗೂ ಅವನನ್ನು ಮಾವುಲಿ ಅಂತಲೇ ಕರೆದಳು. ಪ್ರತಿ ಆಷಾಢಕ್ಕೆ ನಾನು ಮನೆಗೆ ಹೋಗುತ್ತೇನೆ, ಅಪ್ಪ ಅವತ್ತಿನ ಸುದ್ದಿ ಕೇಳುತ್ತಾನೆ. ಅವನಿಗೆ ಆ ದಿನದ ಚೂರುಗಳಷ್ಟೇ ಉಳಿದಿವೆ: ಗೋಡೆ, ತಾಳ, ಹೂ. ಉಳಿದದ್ದನ್ನು ನಾನು ತುಂಬುತ್ತೇನೆ. ಒಂದು ವರ್ಷ ಗಂಧದ ವಾಸನೆ ಸೇರಿಸಿದೆ. ಒಂದು ವರ್ಷ, ವಿಠ್ಠಲ ನಿನ್ನ ಹೆಸರು ಹಿಡಿದು ಕರೆದ ಅಂದೆ. ಸೇರಿಸುವಾಗೆಲ್ಲ ಅವನ ಮುಖ ನೋಡುತ್ತೇನೆ. ಒಂದು ಅತಿಯಾದ ವಿವರ ಸಾಕು, ಅವನು ನಂಬುವುದನ್ನು ಬಿಡಲು. ಬಿಟ್ಟರೆ ಮೂಲೆಯ ಅಂಗಡಿ ಇನ್ನೂ ಅಲ್ಲೇ ಇದೆ. ಬೋರ್ಡು ಮಾತ್ರ ಹೊಸದು.

ಮೊನ್ನೆಯೂ ಕೇಳಿದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಏಲಕ್ಕಿಯ ವಾಸನೆ ನಮ್ಮಿಬ್ಬರ ನಡುವೆ ಕೂತಿತ್ತು. ಯಾಕೆ ಜಗಿಯುತ್ತಿದ್ದೀ ಎಂದು ಕೇಳುವ ಧೈರ್ಯ ಇನ್ನೂ ಬಂದಿರಲಿಲ್ಲ.

"ಅಂವನ ಕೊರಳಾಗ ಏನಿತ್ತು ಸುನಿ, ಅವತ್ತ?"

"ತುಳಸಿಮಾಲಿ," ಅಂದೆ. "ಹಸಿರು. ಆಗಷ್ಟ ಕಿತ್ತಂಗ."

ಅಪ್ಪ ನನ್ನನ್ನೇ ನೋಡಿದ. "ಹೋದ ವರ್ಷ ಸೇವಂತಿಗಿ ಅಂದಿದ್ದಿ."

ರೊಟ್ಟಿಯ ಸದ್ದು ನಿಂತಿತು. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಇದು ಕಟ್ಟಿದ್ದು ಅಂತ ಎಷ್ಟು ವರ್ಷದಿಂದ ಗೊತ್ತಿದೆ ನಿನಗೆ ಎಂದು ನಾನು ಕೇಳಿದ್ದರೆ ಹೇಳುತ್ತಿದ್ದನೋ ಏನೋ.

ಅಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

"ಇರಲಿ," ಅಂದ. "ಮುಂದ ಹೇಳು."

ನಾನು ಅವನ ಹತ್ತಿರ ಸರಿದೆ, ಇನ್ನಷ್ಟು ಹತ್ತಿರ. ಹೇಳುವುದಕ್ಕೂ, ಮೂಸುವುದಕ್ಕೂ. ಬರೀ ಏಲಕ್ಕಿ ಇತ್ತು. ಬರೀ ಏಲಕ್ಕಿ ಇತ್ತೆಂದು ಬರೆಯುತ್ತಿದ್ದೇನೆ.